ನಾಲ್ಕು ಇಂಚಿನ ಗ್ರೈಂಡರ್‌ನ ಗಾರ್ಡ್ ಬಿಚ್ಚಿ ಕೆಲಸ ಮಾಡಬಹುದೇ?

ಗೇಟಿನ ತುಕ್ಕು ಉಜ್ಜಿ, ಕೊಳೆತ ಸ್ಕ್ವೇರ್ ಪೈಪ್ ಕತ್ತರಿಸಿ ತೆಗೆಯಲು ಮೊದಲ ಬಾರಿಗೆ ಆ್ಯಂಗಲ್ ಗ್ರೈಂಡರ್ ಕೊಂಡಿದ್ದೀರಿ. ಗಾರ್ಡ್, ಅಂದರೆ ಡಿಸ್ಕಿನ ಸುತ್ತ ಅರ್ಧದಷ್ಟು ಮುಚ್ಚುವ ತಗಡಿನ ಕವಚ, ಇದ್ದರೆ ಡಿಸ್ಕ್ ಮೂಲೆಗೆ ತಲುಪುವುದಿಲ್ಲ, ಬಿಚ್ಚಿಬಿಡಿ ಎಂದು ಯಾರೋ ಹೇಳಿದ್ದಾರೆ. ಬಿಚ್ಚಬೇಡಿ. ತೀರ್ಥಹಳ್ಳಿ ಕಡೆ ಗ್ರಿಲ್, ಗೇಟ್ ಮಾಡುವ ಶೆಡ್ ನನ್ನದು. ನಮ್ಮ ಕಸುಬಿನವರಲ್ಲೇ ಅನೇಕರು ಮಷಿನ್ ಕೊಂಡ ದಿನವೇ ಗಾರ್ಡನ್ನು ಗುಜರಿ ಡಬ್ಬಿಗೆ ಎಸೆಯುತ್ತಾರೆ. ಮೊದಲ ನಾಲ್ಕು ವರ್ಷ ನಾನೂ ಎಸೆದವನೇ.

ಮಷಿನ್ ಮೇಲಿನ ಚೀಟಿ ನೋಡಿ, ನಿಮಿಷಕ್ಕೆ ಸುಮಾರು 11,000 ಸುತ್ತು ಎಂದಿರುತ್ತದೆ. ಅಷ್ಟು ವೇಗದಲ್ಲಿ ತಿರುಗುವ 100 ಮಿ.ಮೀ. ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರ್ ಮೀರಿ ಓಡುತ್ತಿರುತ್ತದೆ. ಒಡೆದರೆ ಚೂರು ಹೊರಡುವುದೂ ಅದೇ ವೇಗದಲ್ಲಿ. ಆ ಚೂರಿಗೂ ನಿಮ್ಮ ಹೊಟ್ಟೆಗೂ ನಡುವೆ ಇರುವುದು ಆ ತಗಡೊಂದೇ. ಮೂಲೆಗೆ ಡಿಸ್ಕ್ ಹೋಗದಿದ್ದರೆ ಪ್ಲಗ್ ತೆಗೆದು ಗಾರ್ಡನ್ನು ತುಸು ತಿರುಗಿಸಿ ಕೂರಿಸಿ. ಆಗಲೂ ಹೋಗದಿದ್ದರೆ ಆ ಎರಡು ಇಂಚಿಗೆ ಹ್ಯಾಕ್ಸಾ ಸಾಕು.

ಗಾರ್ಡ್ ಬಿಚ್ಚುವವರ ಇನ್ನೊಂದು ಆಸೆ ದೊಡ್ಡ ಡಿಸ್ಕ್ ಹಾಕುವುದು. ಏಳು ಇಂಚಿನ ಡಿಸ್ಕ್ ತಾಳುವುದು ಹೆಚ್ಚೆಂದರೆ ನಿಮಿಷಕ್ಕೆ 8,500 ಸುತ್ತು. ಅದನ್ನು 11,000 ಸುತ್ತಿನ ಮಷಿನ್‌ಗೆ ಸಿಕ್ಕಿಸಿದರೆ ಏನಾಗಬಹುದು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದಂತೂ ಶುದ್ಧ ಹುಚ್ಚುತನ.

ಆದರೆ ಗಾರ್ಡ್ ಇದ್ದ ಮಾತ್ರಕ್ಕೆ ಮಷಿನ್ ನೆಗೆಯುವುದು ತಪ್ಪುವುದಿಲ್ಲ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಏಳು ಹೊಲಿಗೆಯ ಗುರುತಿದೆ. ಎರಡು ಇಟ್ಟಿಗೆಗಳ ಮೇಲೆ ಪೈಪಿನ ಎರಡು ತುದಿ ಇಟ್ಟು ನಡುವೆ ಕತ್ತರಿಸುತ್ತಿದ್ದೆ. ಮುಕ್ಕಾಲು ಪಾಲು ಮುಗಿದಾಗ ಪೈಪ್ ತನ್ನ ಭಾರಕ್ಕೆ ತಾನೇ ಜಗ್ಗಿತು, ಕತ್ತರಿಸಿದ ಸಂದು ಮೇಲಿನಿಂದ ಮುಚ್ಚಿಕೊಂಡಿತು, ಡಿಸ್ಕನ್ನು ಇಕ್ಕಳದಂತೆ ಹಿಡಿಯಿತು. ಮಷಿನ್ ಕೈಯಿಂದ ಹೇಗೆ ಹೋಯಿತು ಎಂಬುದು ತಿಳಿಯಲೇ ಇಲ್ಲ. ಪಕ್ಕದ ಹಿಡಿಕೆಯನ್ನೂ ಹಾಕಿರಲಿಲ್ಲ, ಪೈಪನ್ನು ಎಡಗೈಯಲ್ಲಿ ಒತ್ತಿ ಹಿಡಿದಿದ್ದೆ. ಅದಕ್ಕೇ ಹೆಬ್ಬೆರಳು ಅಲ್ಲಿತ್ತು. ಈಗ ಪೈಪನ್ನು ವೈಸ್‌ಗೆ ಕಚ್ಚಿಸಿ, ಕತ್ತರಿಸುವ ಗೆರೆ ಆಸರೆಯಿಂದ ಆಚೆಗೆ ಬರುವಂತೆ ಇಡುತ್ತೇನೆ. ತುಂಡು ಕೆಳಗೆ ಬಾಗಿದಷ್ಟೂ ಸಂದು ಬಿರಿಯುತ್ತದೆ, ಡಿಸ್ಕ್ ಸಡಿಲವಾಗಿಯೇ ಇರುತ್ತದೆ. ನಿಂತಿರುವ ಗೇಟಿನಲ್ಲೂ ಇದೇ ಲೆಕ್ಕ: ಕತ್ತರಿಸಿದ ಮೇಲೆ ಭಾರ ಯಾವ ಕಡೆ ಕುಸಿಯುತ್ತದೆ ಎಂದು ಮೊದಲೇ ನೋಡಿಕೊಂಡು, ಅದರ ಕೆಳಗೆ ಮರದ ತುಂಡಿನ ಆಸರೆ ಕೊಡಿ.

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ: ಡಿಸ್ಕ್ ಸಿಕ್ಕಿಕೊಂಡಾಗ ಮಷಿನ್ ನೆಗೆಯುವುದು ಕಿಡಿ ಹಾರುವ ದಿಕ್ಕಿಗೆ ವಿರುದ್ಧವಾಗಿ. ಕಿಡಿ ಮೈಮೇಲೆ ಬೀಳದಿರಲಿ ಎಂದು ಎಲ್ಲರೂ ಅದನ್ನು ಮುಂದಕ್ಕೆ ಬಿಡುತ್ತಾರೆ. ಅಂದರೆ ಮಷಿನ್ ಬರುವುದು ನಿಮ್ಮ ಕಡೆಗೇ. ಆದ್ದರಿಂದ ಡಿಸ್ಕಿನ ನೇರಕ್ಕೆ ಎಂದೂ ನಿಲ್ಲಬೇಡಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಪಕ್ಕದ ಹಿಡಿಕೆ ಹಾಕಿ, ಎರಡೂ ಕೈಯಲ್ಲಿ ಹಿಡಿಯಿರಿ. ಒತ್ತಬೇಡಿ, ಮಷಿನ್‌ನ ಭಾರವೇ ಕತ್ತರಿಸುತ್ತದೆ.

ಡಿಸ್ಕ್ ಬಗ್ಗೆ ಮಲೆನಾಡಿನವನಾಗಿ ಒಂದು ಮಾತು. ಅದರ ಕಣಗಳನ್ನು ಹಿಡಿದಿಟ್ಟಿರುವುದು ರೆಸಿನ್ ಅಂಟು. ತೇವ ತಗುಲಿದರೆ ಅದು ಬಲ ಕಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ ಗೋಡೆಯ ಮೊಳೆಗೆ ನೇತುಹಾಕಿದ್ದ ಡಿಸ್ಕನ್ನು ನಾನು ಬಳಸುವುದಿಲ್ಲ. ಒಳ್ಳೆಯ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಅಂಗಡಿಯಲ್ಲೇ ನೋಡಿ ಕೊಳ್ಳಿ. ಹೊಸದನ್ನು ಹಾಕಿದ ಮೇಲೆ ಯಾರೂ ಇಲ್ಲದ ಕಡೆಗೆ ಮುಖ ಮಾಡಿಸಿ ಒಂದು ನಿಮಿಷ ಸುಮ್ಮನೆ ತಿರುಗಿಸಿ. ತುಕ್ಕು ಉಜ್ಜಲು ತೆಳುವಾದ ಕಟಿಂಗ್ ಡಿಸ್ಕಿನ ಪಕ್ಕವನ್ನು ಒತ್ತಬೇಡಿ, ಬಿರುಕು ಬಿಡುತ್ತದೆ. ಅದಕ್ಕೆ 80 ಗ್ರಿಟ್‌ನ ಫ್ಲಾಪ್ ಡಿಸ್ಕ್ (ಉಜ್ಜುಕಾಗದದಂಥ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು) ತನ್ನಿ.

ಲುಂಗಿ, ಹೆಗಲ ಮೇಲಿನ ಟವೆಲ್, ಸಡಿಲ ತೋಳು ಯಾವುದೂ ಬೇಡ. ಓದುವ ಕನ್ನಡಕವನ್ನು ನಂಬಬೇಡಿ, ಬದಿಯೂ ಮುಚ್ಚುವ ಗಾಗಲ್ ಬೇಕು. ಹಳೆಯ ಪೇಂಟ್ ಉಜ್ಜುವಾಗ ಮಾಸ್ಕ್ ಕೂಡ. ಗೇಟಿನ ಬಳಿ ಸ್ಕೂಟರ್, ಥಿನ್ನರ್ ಡಬ್ಬಿ ಇದ್ದರೆ ಮೊದಲು ದೂರ ಸರಿಸಿ.

ಕೊನೆಯದಾಗಿ ಕರೆಂಟ್. ಈ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಒಮ್ಮೆ ಒತ್ತಿದರೆ ಬೆರಳು ತೆಗೆದರೂ ಆನ್ ಆಗಿಯೇ ಉಳಿಯುವ ಸ್ವಿಚ್ ಇರುತ್ತದೆ. ಕೆಲಸದ ನಡುವೆ ಕರೆಂಟ್ ಹೋಯಿತು ಎಂದು ಮಷಿನನ್ನು ಹಾಗೆಯೇ ಬೆಂಚಿನ ಮೇಲಿಟ್ಟು ಚಹಾಕ್ಕೆ ಹೋದರೆ, ಕರೆಂಟ್ ಬಂದಾಗ ಅದು ತಾನಾಗಿಯೇ ಶುರುವಾಗಿ ಬೆಂಚಿನಿಂದ ಧುಮುಕುತ್ತದೆ. ನಮ್ಮ ಶೆಡ್‌ನಲ್ಲಿ ದೀಪ ಆರಿದ ತಕ್ಷಣ ಕೇಳುವ ಮೊದಲ ಕೂಗು "ಪ್ಲಗ್ ಕೀಳು!" ಎಂಬುದೇ.