ಸೌರಫಲಕ ಮೊದಲೋ, ತಾರಸಿ ಮೊದಲೋ?

ಪ್ರಶ್ನೆ: ನಮ್ಮ ಕಲಾ ಸಂಗ್ರಹಾಲಯದ ಕಟ್ಟಡಕ್ಕೆ ಅರವತ್ತು ವರ್ಷ. ಎಸಿಯೂ ಹಳತು, ಕರೆಂಟ್ ಬಿಲ್ಲು ಏರುತ್ತಲೇ ಇದೆ. ತಾರಸಿಗೆ ಸೌರಫಲಕ ಹಾಕಿಸಿ, ಈಗಿರುವಷ್ಟೇ ಸಾಮರ್ಥ್ಯದ ಹೊಸ ಎಸಿ ಕೂರಿಸುವ ಯೋಚನೆಯಿದೆ. ಸರಿಯೇ?

ಉತ್ತರ: ಎರಡೂ ಬೇಕಾದವೇ, ಆದರೆ ಈಗಲೇ ಅಲ್ಲ. ಫಲಕಗಳು ಸುಮಾರು 25 ವರ್ಷ ಬಾಳುತ್ತವೆ. ಕೆಳಗಿನ ವಾಟರ್‌ಪ್ರೂಫಿಂಗ್ ಐದೇ ವರ್ಷಕ್ಕೆ ಕೈಕೊಟ್ಟರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಮೊದಲು ತಾರಸಿಯ ಇಳಿಜಾರು, ಮಳೆನೀರಿನ ಕೊಳವೆಯ ಬಾಯಿ, ಪ್ಯಾರಾಪೆಟ್ ಗೋಡೆಯ ಬುಡದ ಬಿರುಕು ಸರಿಪಡಿಸಿ. ಚೌಕಟ್ಟು ಸೇರಿ ಫಲಕದ ಭಾರ ಚದರ ಮೀಟರಿಗೆ ಸುಮಾರು 15 ಕೆ.ಜಿ.; ಗಾಳಿಗೆ ಏಳದಂತೆ ಕಾಂಕ್ರೀಟ್ ದಿಮ್ಮಿ ಹೇರಿದರೆ ಅದು ಬಹಳ ಹೆಚ್ಚುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕದೆ ಕೈಹಾಕಬೇಡಿ.

ಎಸಿ ವಿಷಯ ಇನ್ನೂ ನಾಜೂಕು. ಪ್ರತಿ ಗ್ಯಾಲರಿಯಲ್ಲೂ ಉಗ್ರಾಣದಲ್ಲೂ ಡೇಟಾ ಲಾಗರ್ ಇಟ್ಟು, 15 ನಿಮಿಷಕ್ಕೊಮ್ಮೆ ಉಷ್ಣಾಂಶ, ಆರ್ದ್ರತೆ ದಾಖಲಿಸಿ. ಪೂರ್ತಿ ಒಂದು ವರ್ಷ ಬೇಕು. ಅಷ್ಟರಲ್ಲಿ ಬಾಗಿಲು, ಕಿಟಕಿಗಳ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಹ್ಯಾಲೊಜೆನ್ ತೆಗೆದು ಎಲ್‌ಇಡಿ ಹಾಕಿಸಿ. ದೀಪ ಕುಡಿಯುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಎಸಿಯ ತಲೆಗೇ ಬರುವುದರಿಂದ ಇಲ್ಲಿ ಎರಡು ಕಡೆ ಉಳಿತಾಯ. ಚಿತ್ರದ ಮೇಲೆ ಬೀಳುವ ಬೆಳಕು ಜಲವರ್ಣ, ಕಾಗದಕ್ಕೆ 50 ಲಕ್ಸ್ (ಬೆಳಕಿನ ಅಳತೆ), ತೈಲವರ್ಣಕ್ಕೆ 200 ಲಕ್ಸ್ ಸಾಕು.

ಇಷ್ಟಾದ ಮೇಲೆ ಲೆಕ್ಕ ಹಾಕಿದರೆ ಚಿಕ್ಕ ಎಸಿಯೇ ಸಾಲಬಹುದು. ಅಗತ್ಯಕ್ಕಿಂತ ದೊಡ್ಡದು ಕೋಣೆಯನ್ನು ಬೇಗ ತಣ್ಣಗಾಗಿಸಿ ನಿಂತುಬಿಡುತ್ತದೆ. ಎಸಿಯೊಳಗಿನ ತಣ್ಣನೆಯ ಕೊಳವೆಸುರುಳಿಯ (ಕಾಯಿಲ್) ಮೇಲೆ ಗಾಳಿಯ ತೇವದಿಂದ ಕಟ್ಟಿದ ನೀರು ಬಸಿದುಹೋಗುವ ಮೊದಲೇ ಫ್ಯಾನ್ ಗಾಳಿಗೆ ಮತ್ತೆ ಆವಿಯಾಗುತ್ತದೆ. ಕೋಣೆ ತಂಪು, ತೇವ ಮಾತ್ರ ಹಾಗೇ. ಹೊರಗೋಡೆಗೆ ಒತ್ತಿ ತೂಗುಹಾಕಿದ ಚಿತ್ರವೊಂದನ್ನು ತಿರುಗಿಸಿ ನೋಡಿ: ಕೆಳಗಿನ ಮರದ ಪಟ್ಟಿಗೂ ಕ್ಯಾನ್ವಾಸಿಗೂ ನಡುವೆ ದೂಳು ಕೂತಲ್ಲೇ ಬೂಷ್ಟು ಮೊದಲು ಕಾಣಿಸುತ್ತದೆ.

ಇಡೀ ಕಟ್ಟಡವನ್ನು ವರ್ಷಪೂರ್ತಿ 21 ಡಿಗ್ರಿ, ಶೇ. 50 ಆರ್ದ್ರತೆಗೆ ಕಟ್ಟಿಹಾಕಬೇಕಿಲ್ಲ. ದೊಡ್ಡ ಸಂಗ್ರಹಾಲಯಗಳ ಬಿಜೊ ಗುಂಪಿನ ಹಸಿರು ನಿಯಮಾವಳಿ ಹೆಚ್ಚಿನ ಕೃತಿಗಳಿಗೆ 16ರಿಂದ 25 ಡಿಗ್ರಿ, ಶೇ. 40ರಿಂದ 60 ಆರ್ದ್ರತೆ ಒಪ್ಪುತ್ತದೆ. ಆರ್ದ್ರತೆಯ ದಿನದ ಏರಿಳಿತ ಶೇ. ±10 ದಾಟಬಾರದು. ಮರದ ಹಲಗೆಯ ಚಿತ್ರ, ದಂತದಂಥ ಸೂಕ್ಷ್ಮ ವಸ್ತುಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಡಿ. ಒಳಗಿನ ಘನ ಮೀಟರಿಗೆ 20 ಕೆ.ಜಿ. ಸಿಲಿಕಾ ಜೆಲ್ (ತೇವ ಹೀರಿ ಬಿಡುವ ಹರಳು) ಇಡಿ, ಅದೂ ಬೇಕಾದ ಆರ್ದ್ರತೆಗೆ ಮೊದಲೇ ಹದಗೊಳಿಸಿದ್ದು. ಒಂದು ಪೆಟ್ಟಿಗೆಗಾಗಿ ಇಡೀ ಗ್ಯಾಲರಿಯನ್ನು ತಂಪಾಗಿಸುವುದು ದಂಡ.

ಪ್ರಶ್ನೆ: ಇಟ್ಟಿಗೆ ಗೋಡೆಗೆ ಒಳಗಿನಿಂದ ಫೋಮ್ ಶೀಟ್ ಹೊದಿಸಬಹುದೇ?

ಉತ್ತರ: ಆತುರ ಬೇಡ. ಸುಣ್ಣದ ಗಾರೆಯ ಗೋಡೆ ತೇವ ಹೀರಿ ಬಿಡುತ್ತಿರುತ್ತದೆ. ಫೋಮ್ ಹೊದಿಸಿದರೆ ಆ ತೇವ ಶೀಟಿನ ಹಿಂದೆ ಸಿಕ್ಕಿಕೊಂಡು ಗಾರೆ ಉದುರತೊಡಗುತ್ತದೆ, ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ತಾರಸಿ ದುರಸ್ತಿಯಾಗುವಾಗಲೇ ಮೇಲ್ಗಡೆಯಿಂದ ಶಾಖನಿರೋಧಕ ಪದರ ಹಾಕಿಸಿ. ಗೋಡೆಯ ಮಾತು ಲಾಗರ್‌ನ ವರ್ಷದ ದಾಖಲೆ ಕೈಗೆ ಬಂದ ಮೇಲೆ.