ಕುಂಡದ ಕರಿಬೇವು ಏಕೆ ಬೆಳೆಯುತ್ತಿಲ್ಲ?

ಪ್ರಶ್ನೆ: ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್ ಮನೆ. 2 ವರ್ಷಗಳ ಹಿಂದೆ ತಂದ ಕರಿಬೇವಿನ ಗಿಡವು 10 ಅಂಗುಲದ ಪ್ಲಾಸ್ಟಿಕ್ ಕುಂಡದಲ್ಲಿ ಒಂದೂವರೆ ಅಡಿಗೇ ನಿಂತುಹೋಗಿದೆ. ಹೊಸ ಎಲೆಗಳು ಸಣ್ಣದಾಗಿ, ಹಳದಿಯಾಗಿ ಬರುತ್ತಿವೆ. ಹಳೆಯ ಎಲೆಗಳ ಅಂಚು ಸುಟ್ಟಂತಿದೆ. ದಿನವೂ ನೀರು, ವಾರಕ್ಕೊಮ್ಮೆ ಹುಳಿ ಮಜ್ಜಿಗೆ, ತಿಂಗಳಿಗೊಂದು ಚಮಚ ಯೂರಿಯಾ ಕೊಡುತ್ತಿದ್ದೇನೆ. ಇನ್ನೇನು ಹಾಕಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಹಾಕಬೇಡಿ. ನಿಮ್ಮ ಗಿಡಕ್ಕೆ ಹಸಿವಿಗಿಂತ ಬೇರಿನ ತೊಂದರೆಯೇ ಹೆಚ್ಚಾಗಿರುವಂತೆ ಕಾಣುತ್ತದೆ. ಕುಂಡದ ಮಣ್ಣು ಸ್ವಲ್ಪ ಒಣಗಿದ ಮೇಲೆ ಅದನ್ನು ಓರೆ ಮಾಡಿ, ಬದಿಗಳನ್ನು ತಟ್ಟಿ, ಮಣ್ಣಿನ ಹೆಂಟೆ ಒಡೆಯದಂತೆ ಗಿಡವನ್ನು ಹೊರತೆಗೆದು ನೋಡಿ. ಬೇರುಗಳು ಕುಂಡದ ಆಕಾರದಲ್ಲೇ ಸಿಂಬೆಯಂತೆ ಸುತ್ತಿಕೊಂಡಿದ್ದರೆ ಅವಕ್ಕೆ ಜಾಗ ಸಾಲುತ್ತಿಲ್ಲ. ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬರುತ್ತಿದ್ದರೆ ನೀರು ಹೆಚ್ಚಾಗಿದೆ ಅಥವಾ ತಳದ ತೂತು ಮುಚ್ಚಿಕೊಂಡಿದೆ. ಜಿಗುಟಾದ ಕೆಮ್ಮಣ್ಣನ್ನಷ್ಟೇ ತುಂಬಿದ ಕುಂಡದಲ್ಲಿ ದಿನವೂ ನೀರು ಹಾಕುತ್ತಿದ್ದರೆ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿಯೇ ಸಿಗುವುದಿಲ್ಲ.

ಎರಡನೆಯದಾಗಿ, ಗಿಡಕ್ಕೆ ಯಾವ ನೀರು ಹಾಕುತ್ತಿದ್ದೀರಿ ಎಂಬುದನ್ನು ನೀವು ಬರೆದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ. ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್‌ನ ಗಡಸು ನೀರನ್ನು ಉಪ್ಪು ಬಳಸುವ ಸಾಫ್ಟನರ್ ಯಂತ್ರದ ಮೂಲಕ ಹಾಯಿಸುತ್ತಾರೆ. ಆಗ ನೀರಿನ ಕ್ಯಾಲ್ಸಿಯಂ ಹೋಗಿ ಅದರ ಜಾಗಕ್ಕೆ ಸೋಡಿಯಂ ಬರುತ್ತದೆ. ಬಟ್ಟೆ ಒಗೆಯಲು ಅನುಕೂಲವಾದ ಈ ನೀರು ಕುಂಡದ ಗಿಡಕ್ಕೆ ಹಾನಿಕರ. ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಗಳಿಗೆ ಸುರಿಯುವವರೂ ಇದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಲವಣಾಂಶ ಇನ್ನೂ ಹೆಚ್ಚಾಗಿರುತ್ತದೆ. ಎಲೆಯಂಚು ಸುಡುವುದಕ್ಕೆ ಹೀಗೆ ಕೂಡಿಬಂದ ಲವಣ ಕಾರಣವಾಗಿರಬಹುದು. ಯೂರಿಯಾ ಅದನ್ನು ಹೆಚ್ಚಿಸಿರುತ್ತದೆ, ಏಕೆಂದರೆ ಇಷ್ಟು ಚಿಕ್ಕ ಕುಂಡಕ್ಕೆ ಒಂದು ಚಮಚವೆಂಬುದು ಬಹಳವೇ ಆಯಿತು.

ಹೊಸ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣಾಂಶದ ಕೊರತೆ. ಗಡಸು ನೀರಿನಿಂದ ಮಣ್ಣು ಕ್ಷಾರೀಯವಾದಾಗ, ಅದರಲ್ಲಿರುವ ಕಬ್ಬಿಣವನ್ನು ಬೇರು ಹೀರಿಕೊಳ್ಳಲಾರದು. ಹುಳಿ ಮಜ್ಜಿಗೆಯಿಂದ ಇದು ಸರಿಹೋಗುತ್ತದೆಂದು ನಂಬಬೇಡಿ. ನಮ್ಮ ಅಜ್ಜಿಯಂದಿರು ಮಜ್ಜಿಗೆ ಸುರಿದದ್ದು ಹಿತ್ತಿಲಿನ ಕರಿಬೇವಿಗೆ. ಅಲ್ಲಿ ಬೇರು ಆಳಕ್ಕೆ ಇಳಿದಿರುತ್ತಿತ್ತು, ಹೆಚ್ಚಾದದ್ದನ್ನೆಲ್ಲ ಮಳೆ ತೊಳೆದುಬಿಡುತ್ತಿತ್ತು. ಕುಂಡಕ್ಕೆ ಕೊಡಲೇಬೇಕೆನಿಸಿದರೆ ಉಪ್ಪು ಹಾಕದ ಮಜ್ಜಿಗೆಯನ್ನು ಹತ್ತರಷ್ಟು ನೀರು ಬೆರೆಸಿ ತಿಂಗಳಿಗೊಮ್ಮೆ ಕೊಡಿ.

ಫೆಬ್ರವರಿ ಕೊನೆಯಲ್ಲಿ ಅಥವಾ ಮುಂಗಾರು ಶುರುವಾದಾಗ ಗಿಡವನ್ನು 14 ಅಂಗುಲದ ಕುಂಡಕ್ಕೆ ಬದಲಿಸಿ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಸಾಕು. ಕೊಳೆತ ಬೇರನ್ನು ಕತ್ತರಿಸಿ, ಸುತ್ತಿಕೊಂಡದ್ದನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ; ಸಾಧ್ಯವಾದರೆ ಮಳೆನೀರನ್ನೇ ಬಳಸಿ. ಒಂದೂವರೆ ತಿಂಗಳಾದರೂ ಚಿಗುರಿನ ಹಳದಿ ಹೋಗದಿದ್ದರೆ ಒಂದು ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ಕರಗಿಸಿ, ಕೆಲವು ಹನಿ ನಿಂಬೆರಸ ಸೇರಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಸಿಂಪಡಿಸಿದ ಎಲೆಯನ್ನು ಕೆಲವು ದಿನ ಅಡುಗೆಗೆ ಬಳಸಬೇಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿಯಾದರೆ ಈ ಯಾವ ಶ್ರಮವೂ ಹೆಚ್ಚು ಫಲ ಕೊಡದು. ಗಿಡ ಚೇತರಿಸಿಕೊಂಡು ಚಿಗುರಿದ ಮೇಲೆ ಕುಡಿ ಚಿವುಟಿ, ಹೂಗೊಂಚಲು ಬಂದರೆ ತೆಗೆದುಬಿಡಿ. ಪಕ್ಕದ ರೆಂಬೆಗಳು ಒಡೆಯುತ್ತವೆ.

ಪ್ರಶ್ನೆ: ನಮ್ಮ ಕರಿಬೇವು ಡಿಸೆಂಬರ್, ಜನವರಿಯಲ್ಲಿ ಚಿಗುರುವುದೇ ಇಲ್ಲ. ಇದು ರೋಗವೇ?

ಉತ್ತರ: ಅಲ್ಲ. ಕರಿಬೇವು ಚಳಿಯಲ್ಲಿ ಬೆಳವಣಿಗೆ ನಿಲ್ಲಿಸಿ ವಿಶ್ರಮಿಸುತ್ತದೆ. ಆ ತಿಂಗಳುಗಳಲ್ಲಿ ಗೊಬ್ಬರ ಕೊಡಬೇಡಿ, ನೀರನ್ನೂ ಕಡಿಮೆ ಮಾಡಿ. ಬಿಸಿಲೇರಿದ ಮೇಲೂ ಚಿಗುರದಿದ್ದರೆ ಕಾಂಡವನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ, ಕಾಯಿರಿ.