ಸಿಂಗಲ್ ಆಕ್ಷನ್ ರಿವಾಲ್ವರ್ ತಗೊಳ್ಳುವ ಮುಂಚೆ: ಗಂಗಾವತಿಯ ತಮ್ಮನಿಗೆ

ಗಂಗಾವತಿಯಿಂದ ಡಲ್ಲಾಸ್‌ಗೆ ಬಂದು ಇನ್ನೂ ವರ್ಷ ತುಂಬದ ಹುಡುಗನೊಬ್ಬ ಹೀಗೆ ಕೇಳಿದ್ದಾನೆ: "ಅಣ್ಣಾ, ನಾನು ಎಚ್-1ಬಿ ಮೇಲೆ ಬಂದಿದ್ದೀನಿ. ಆಫೀಸಿನವರು ಶನಿವಾರ ಶೂಟಿಂಗ್ ರೇಂಜಿಗೆ ಹೋಗ್ತಾರೆ. ನನಗೂ ಕೌಬಾಯ್‌ಗಳ ಹತ್ರ ಇರ್ತಿತ್ತಲ್ಲ, ಆ ಥರದ ಸಿಂಗಲ್ ಆಕ್ಷನ್ ರಿವಾಲ್ವರ್ ತಗೋಬೇಕು ಅಂತ ಆಸೆ. ರಕ್ಷಣೆಗೆ ಅಲ್ಲ, ಸುಮ್ನೆ ಖುಷಿಗೆ. ಒಬ್ಬರು .45 ತಗೋ ಅಂತಾರೆ, ಇನ್ನೊಬ್ಬರು .357 ಅಂತಾರೆ. ಕೈಗೆ ಹಿತವಾಗಿರೋದು ಯಾವುದು, ಹೇಳ್ರಿ." (.45, .357 ಅಂದರೆ ಗುಂಡಿನ ಅಡ್ಡಳತೆ, ಸುಮಾರಾಗಿ ಅಂಗುಲದ ಲೆಕ್ಕದಲ್ಲಿ.)

ತಮ್ಮಾ, ಯಾವುದು ತಗೋಬೇಕು ಅನ್ನುವುದಕ್ಕಿಂತ ಮುಂಚೆ ನೀನು ಅದನ್ನು ಮುಟ್ಟಬಹುದಾ ಅಂತ ನೋಡಬೇಕು. ನಿನ್ನ ಆಫೀಸಿನವರು ಇದನ್ನು ಹೇಳಿರಲಿಕ್ಕಿಲ್ಲ. ಇಲ್ಲೇ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆಯೇ ಎದುರಾಗುವುದಿಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿ (ಕೆಲಸದ್ದು), ಎಫ್-1 (ಓದಿನದು) ಇಂಥ ವೀಸಾ ಮೇಲೆ ಬಂದವರು ಗನ್ ಆಗಲಿ, ಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಅಂಗಡಿಯಲ್ಲಿ ಕೊಳ್ಳುವುದಷ್ಟೇ ಅಲ್ಲ, ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದೂ ಇದರಲ್ಲೇ ಬರುತ್ತದೆ. ಗೆಳೆಯ "ಒಂದೇ ರೌಂಡ್ ಹೊಡಿ ಬಾ" ಅಂತ ಕೈಗೆ ಕೊಟ್ಟರೂ ಅಷ್ಟೇ. ನಿನ್ನ ವೀಸಾ ಗೊತ್ತಿದ್ದೂ ಕೊಟ್ಟರೆ ಅವನೂ ಸಿಕ್ಕಿಹಾಕಿಕೊಳ್ಳುತ್ತಾನೆ.

ವಿನಾಯಿತಿಗಳೂ ಇವೆ. ಅದರಲ್ಲಿ ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದೇ. ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಈ ನಿಷೇಧ ನಿನಗೆ ತಟ್ಟುವುದಿಲ್ಲ. ಟೆಕ್ಸಾಸ್‌ನಲ್ಲಿ ಇದನ್ನು ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಕೊಡುತ್ತದೆ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿಯನ್ನೂ ಮಾಡಬೇಕು. ಅದನ್ನು ತಲೆನೋವು ಅಂದುಕೊಳ್ಳಬೇಡ. ಗನ್ ಹಿಡಿಯುವ ಮೊದಲ ಪಾಠ ಅಲ್ಲೇ ಸಿಗುತ್ತದೆ. ಆದರೆ ಒಂದು ಮಾತು ನೆನಪಿಡು: ಇಲ್ಲಿನ ಬೇಟೆ ಲೈಸೆನ್ಸ್ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸುವುದು ಮರೆತರೆ ಸೆಪ್ಟೆಂಬರ್ 1ರ ಬೆಳಗ್ಗೆ ನಿನ್ನ ಕಪಾಟಿನಲ್ಲಿರುವ ರಿವಾಲ್ವರ್ ಅಪರಾಧವಾಗುತ್ತದೆ. ಗನ್ ಕೇಸಿನಲ್ಲಿ ಶಿಕ್ಷೆಯಾದರೆ ವೀಸಾ ಹೋಗುವುದಷ್ಟೇ ಅಲ್ಲ, ಗಡೀಪಾರು ಕೂಡ ಆಗಬಹುದು. ಹಾಗಾಗಿ ಮೊದಲು ಇಮಿಗ್ರೇಶನ್ ವಕೀಲರ ಹತ್ತಿರ ಅರ್ಧ ಗಂಟೆ ಕೂತು ಮಾತಾಡು. ಆ ಫೀಸು ದಂಡ ಅಲ್ಲ.

ಗ್ರೀನ್ ಕಾರ್ಡ್ ಬಂದವರಿಗೆ ಈ ತಾಪತ್ರಯ ಇಲ್ಲ. 21 ವರ್ಷ ಆಗಿರಬೇಕು, ತಾನಿರುವ ರಾಜ್ಯದ ಅಂಗಡಿಯಲ್ಲೇ ಕೊಳ್ಳಬೇಕು, 4473 ಅನ್ನುವ ಫಾರಂ ತುಂಬಬೇಕು, ಅಂಗಡಿಯವರು ಹಿನ್ನೆಲೆ ತಪಾಸಣೆ ಮಾಡಿಸುತ್ತಾರೆ. ಆ ಫಾರಂನಲ್ಲಿ ವೀಸಾ ಬಗ್ಗೆಯೂ ಪ್ರಶ್ನೆ ಇದೆ. ಸುಳ್ಳು ಬರೆಯುವ ಯೋಚನೆಯನ್ನೇ ಮಾಡಬೇಡ.

ಇನ್ನು ರಿವಾಲ್ವರ್ ವಿಷಯ. ನಿನ್ನ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಕಡೆ ಬಂದೂಕು ಅಂದರೆ ದೊಡ್ಡವರ ಹಿಂದೆ ನಿಂತ ಗನ್‌ಮ್ಯಾನ್, ಇಲ್ಲವೇ ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಜಮಾ ಆಗುವ ಹೊಲ ಕಾಯುವ ಬಂದೂಕು. ನಮ್ಮ ನಿಮ್ಮಂಥವರಿಗೆ ಸಿಗುತ್ತಿದ್ದದ್ದು ಜಾತ್ರೆಯಲ್ಲಿ ಬಲೂನು ಹೊಡೆಯುವ ಏರ್‌ಗನ್ ಒಂದೇ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವನಾದರೆ ನಿನಗೂ ಆ ಖುಷಿ ಗೊತ್ತಿರುತ್ತದೆ. ಗುರಿ ಇಡುವುದು, ಉಸಿರು ಹಿಡಿಯುವುದು, ತಾಗಿತು ಅನ್ನುವ ಸಂತೋಷ. ನೀನು ಹುಡುಕುತ್ತಿರುವುದು ಇದನ್ನೇ ಆದರೆ .45 ಬೇಡ, .357 ಕೂಡ ಮೊದಲಿಗೆ ಬೇಡ. .22 ತಗೋ.

ಯಾಕೆ ಅಂತ ಹೇಳುತ್ತೇನೆ. .22ರಿಂದ ಹಾರುವ ಸೀಸದ ತೂಕ ಸುಮಾರು 2.6 ಗ್ರಾಂ. .357 ಮ್ಯಾಗ್ನಮ್‌ದು ಸಾಮಾನ್ಯವಾಗಿ 10 ಗ್ರಾಂ, .45 ಕೋಲ್ಟ್‌ದು 16 ಗ್ರಾಂ. ಮುಂದಕ್ಕೆ ಎಷ್ಟು ಭಾರ ಎಷ್ಟು ಜೋರಾಗಿ ಹೋಗುತ್ತದೋ ಹಿಂದಕ್ಕೆ ಅಷ್ಟು ಒದೆತ. .45 ನಿಧಾನವಾಗಿ ಅಂಗೈಯನ್ನು ತಳ್ಳುತ್ತದೆ. .357 ಚುರುಕಾಗಿ ಹೊಡೆಯುತ್ತದೆ, ಸದ್ದಂತೂ ಎದೆಗೆ ಬಂದು ಬಡಿಯುತ್ತದೆ. ಹೊಸಬರು ಇಂಥದ್ದರಲ್ಲಿ ಶುರು ಮಾಡಿದರೆ ನಾಲ್ಕನೇ ಗುಂಡಿಗೇ ಕೈ ಬೆದರುತ್ತದೆ. ಟ್ರಿಗರ್ ಒತ್ತುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ನಳಿಗೆ ತಾನಾಗಿ ಕೆಳಗೆ ಬಾಗುತ್ತದೆ. ಆ ಅಭ್ಯಾಸ ಒಮ್ಮೆ ಹತ್ತಿತು ಅಂದರೆ ಬಿಡಿಸುವುದು ಬಹಳ ಕಷ್ಟ. .22ರಲ್ಲಿ ಒದೆತವೇ ಇಲ್ಲ ಅನ್ನಬಹುದು. ಮಧ್ಯಾಹ್ನವೆಲ್ಲ ಹೊಡೆದರೂ ಮಣಿಕಟ್ಟು ನೋಯುವುದಿಲ್ಲ. .357ರಲ್ಲೂ ಹೊಡೆಯಬಹುದಾದ ಮೆತ್ತಗಿನ .38 ಗುಂಡು ಒಂದರ ದುಡ್ಡಿಗೆ .22 ಮೂರ್ನಾಲ್ಕು ಬರುತ್ತವೆ. ಹೊಸದಾಗಿ ಬಂದವನಿಗೆ ಬಾಡಿಗೆ, ಕಾರಿನ ಕಂತು, ಊರಿಗೆ ಕಳಿಸುವ ದುಡ್ಡು ಎಲ್ಲಾ ಇರುತ್ತದೆ. ಇದೂ ಲೆಕ್ಕಕ್ಕೆ ಬರಬೇಕಲ್ವಾ?

ಸಿಂಗಲ್ ಆಕ್ಷನ್ ನಿನ್ನ ಕಣ್ಣಿಗೆ ಬಿದ್ದದ್ದು ನನಗೆ ತುಂಬಾ ಇಷ್ಟವಾಯಿತು. ಇದರಲ್ಲಿ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್, ಅಂದರೆ ಹಿಂದಿರುವ ಪೆಟ್ಟು ಕೊಡುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆಯಬೇಕು. ಎಳೆದಾಗ ಗುಂಡು ತುಂಬಿದ ಸಿಲಿಂಡರ್ ತಿರುಗಿ ಮುಂದಿನ ಗುಂಡು ನಳಿಗೆಯ ನೇರಕ್ಕೆ ಬರುತ್ತದೆ. ಟ್ರಿಗರ್‌ಗೆ ಉಳಿಯುವ ಕೆಲಸ ಹ್ಯಾಮರ್ ಬಿಡುವುದೊಂದೇ. ಅದಕ್ಕೇ ಟ್ರಿಗರ್ ಸ್ವಲ್ಪವೇ ಚಲಿಸುತ್ತದೆ, ಹಗುರವಾಗಿರುತ್ತದೆ, ಗುರಿ ಅಲುಗಾಡುವುದಿಲ್ಲ. ಗುಂಡು ತುಂಬುವುದೂ ಒಂದೊಂದಾಗಿ, ಬಲಗಡೆಯ ಚಿಕ್ಕ ಬಾಗಿಲಿನಿಂದ. ಖಾಲಿ ತೋಟಾ ತೆಗೆಯುವುದೂ ಒಂದೊಂದಾಗಿಯೇ, ನಳಿಗೆಯ ಕೆಳಗಿನ ಕಡ್ಡಿಯಿಂದ ತಳ್ಳಿ. ಅವಸರದವರಿಗೆ ಇದು ಬೇಸರ. ನನಗೆ ಮಾತ್ರ ಇದರ ಸೊಗಸು ಇರುವುದೇ ಈ ನಿಧಾನದಲ್ಲಿ. ಪ್ರತಿ ಗುಂಡಿಗೂ ಗಮನ ಕೊಡಲೇಬೇಕು. ಆರು ಗುಂಡು ಮುಗಿದ ಮೇಲೆ ಹಲಗೆ ನೋಡಿ ಯಾವುದು ಯಾಕೆ ತಪ್ಪಿತು ಅಂತ ಯೋಚಿಸಲು ಪುರುಸೊತ್ತು ಸಿಗುತ್ತದೆ.

ಕೈಗೆ ಹಿತ ಅನ್ನುವುದು ಗುಂಡಿನಷ್ಟೇ ಹಿಡಿಯಲ್ಲೂ ಇದೆ. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯಿಂದ ಇವತ್ತಿನವರೆಗೆ ಇವುಗಳ ಹಿಡಿ ಹೆಚ್ಚುಕಡಿಮೆ ಒಂದೇ ಆಕಾರ, ನೇಗಿಲಿನ ಮೇಣಿಯ ಹಾಗೆ ಬಾಗಿದ್ದು. ಒದ್ದಾಗ ರಿವಾಲ್ವರ್ ಅಂಗೈಯಲ್ಲಿ ಮೇಲಕ್ಕೆ ಉರುಳುತ್ತದೆ, ಹ್ಯಾಮರ್ ಹೆಬ್ಬೆರಳ ಹತ್ತಿರ ಬರುತ್ತದೆ. ಇದನ್ನು ಬಿಗಿಯಾಗಿ ಹಿಸುಕಿ ತಡೆಯಲು ಹೋದರೇ ಕೈ ನೋಯುವುದು. ಗಟ್ಟಿಯಾಗಿ ಹಿಡಿ, ಆದರೆ ಉರುಳಲು ಬಿಡು. ಕೈ ದೊಡ್ಡದಿದ್ದರೆ ಕಿರುಬೆರಳಿಗೆ ಜಾಗ ಸಿಗದೆ ಹಿಡಿಯ ಕೆಳಗೆ ಹೋಗುತ್ತದೆ. ಅದು ತಪ್ಪೇನಲ್ಲ, ತುಂಬಾ ಜನ ಹಾಗೇ ಹಿಡಿಯುತ್ತಾರೆ. ಕೈ ಚಿಕ್ಕದಿದ್ದರೆ ಹಿಡಿ ಬದಲಿಸದೆ ಹೆಬ್ಬೆರಳು ಹ್ಯಾಮರ್‌ಗೆ ಎಟುಕುತ್ತದಾ ನೋಡು. ಎಟುಕದಿದ್ದರೆ ಎರಡೂ ಕೈಯಲ್ಲಿ ಹಿಡಿದು ಎಡಗೈ ಹೆಬ್ಬೆರಳಿನಿಂದ ಎಳೆ. ಬಲಗೈ ಕದಲುವುದೇ ಇಲ್ಲ. ಹೊಸಬರಿಗೆ ನಾನು ಹೇಳಿಕೊಡುವುದು ಇದನ್ನೇ.

ಮಾದರಿಗಳು ಬೇಕಾದಷ್ಟಿವೆ. ಕಡಿಮೆ ದುಡ್ಡಿನದು ಹೆರಿಟೇಜ್ ರಫ್ ರೈಡರ್. ಪಕ್ಕದಲ್ಲಿ ಸೇಫ್ಟಿ ಕೀಲಿಯೂ ಇದೆ. ನನ್ನ ಸಲಹೆ ರೂಗರ್ ರ‍್ಯಾಂಗ್ಲರ್. 2019ರಲ್ಲಿ ಬಂದದ್ದು, ತೂಕ 850 ಗ್ರಾಂ ಆಸುಪಾಸು, ಬೆಲೆಯೂ ಭಾರ ಅಲ್ಲ. ಇದರ ನೋಟ, ಅಂದರೆ ಗುರಿ ಹಿಡಿಯಲು ಮೇಲಿರುವ ಸೈಟ್, ಸ್ಥಿರ; ಗುರಿ ಸ್ವಲ್ಪ ಅತ್ತಿತ್ತ ಇದ್ದರೆ ತಿರುಪಿ ಸರಿ ಮಾಡಲಾಗದು. ಡಬ್ಬಿ ಹೊಡೆಯುವ ಖುಷಿಗೆ ಅಷ್ಟು ಸಾಕು. ಸಣ್ಣ ಕಾಗದದ ಗುರಿಗೆ ಆರೂ ಗುಂಡು ಒಂದೇ ಕಡೆ ಬೀಳಬೇಕು ಅನ್ನುವ ಹಟ ನಿನ್ನದಾದರೆ ಅದೇ ಕಂಪನಿಯ ಸಿಂಗಲ್ ಸಿಕ್ಸ್ ನೋಡು. 1953ರಿಂದ ಬರುತ್ತಿದೆ. ತಿದ್ದಬಹುದಾದ ನೋಟ ಇರುವುದೂ ಸಿಗುತ್ತದೆ. ದುಡ್ಡು ಎರಡು ಮೂರು ಪಟ್ಟು ಜಾಸ್ತಿ.

ಮುಂದೆ ದೊಡ್ಡದು ಬೇಕೆನಿಸಿದರೆ ಆಗ ರೂಗರ್‌ನ .357 ಬ್ಲ್ಯಾಕ್‌ಹಾಕ್ ತಗೋ. ಅದರಲ್ಲಿ .38 ಸ್ಪೆಷಲ್ ಗುಂಡೂ ಹೊಡೆಯಬಹುದು. ರಿವಾಲ್ವರ್ ತೂಕ ಒಂದು ಕೆಜಿಗಿಂತ ಜಾಸ್ತಿ, ಗುಂಡು ಮೆತ್ತಗಿನದು, ಹಾಗಾಗಿ ಒದೆತ ಆರಾಮಾಗಿರುತ್ತದೆ. ಹಗುರವಾದ ಗನ್ ಹಿತ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಕೈಗೆ ತಗೊಂಡಾಗ ಹಾಗೇ ಅನಿಸುತ್ತದೆ. ಹೊಡೆದಾಗ ಭಾರದ್ದೇ ಹಿತ.

ಹಳೇದು ಕೊಳ್ಳುವುದಾದರೆ ಒಂದು ವಿಷಯ ಕಡ್ಡಾಯವಾಗಿ ನೋಡು. ಹಳೇ ಕೋಲ್ಟ್ ಮಾದರಿ ಮತ್ತು 1973ಕ್ಕಿಂತ ಮುಂಚಿನ ರೂಗರ್‌ಗಳಲ್ಲಿ ಸಿಲಿಂಡರಿನ ಆರೂ ಮನೆ ತುಂಬಬಾರದು. ಐದು ತುಂಬಿ ಹ್ಯಾಮರ್ ಕೆಳಗಿನ ಮನೆ ಖಾಲಿ ಬಿಡಬೇಕು. ಇಲ್ಲದಿದ್ದರೆ ಕೈಜಾರಿ ನೆಲಕ್ಕೆ ಬಿದ್ದರೂ ಗುಂಡು ಹಾರಬಹುದು. 1973ರಲ್ಲಿ ರೂಗರ್‌ನವರು ಟ್ರಾನ್ಸ್‌ಫರ್ ಬಾರ್ ತಂದರು. ಟ್ರಿಗರ್ ಒತ್ತಿದಾಗ ಮಾತ್ರ ಒಂದು ಪಟ್ಟಿ ಮೇಲೆ ಬಂದು ಹ್ಯಾಮರ್‌ನ ಪೆಟ್ಟನ್ನು ಗುಂಡಿಗೆ ಬಡಿಯುವ ಪಿನ್‌ಗೆ ಮುಟ್ಟಿಸುತ್ತದೆ. ರ‍್ಯಾಂಗ್ಲರ್‌ನಲ್ಲಿಯೂ ಇದು ಇದೆ. ಹೊಸಬ ಹಳೇದರ ಚಂದಕ್ಕೆ ಮರುಳಾಗುವುದು ಬೇಡ.

ರೇಂಜಿನಲ್ಲಿ ಏನೇನು ಮಾಡಬೇಕು ಅಂತ ಅವರೇ ಹೇಳುತ್ತಾರೆ. ಎಲ್ಲಾ ಗನ್ನೂ ತುಂಬಿದೆ ಅಂತಲೇ ತಿಳಿ, ಗುರಿ ಬಿಟ್ಟು ಬೇರೆ ಕಡೆ ನಳಿಗೆ ತಿರುಗಿಸಬೇಡ, ಹೊಡೆಯುವವರೆಗೆ ಬೆರಳು ಟ್ರಿಗರ್ ಮೇಲೆ ಇಡಬೇಡ, ಗುರಿಯ ಹಿಂದೆ ಏನಿದೆ ನೋಡು. ಅವರು ಹೇಳದೆ ಬಿಡಬಹುದಾದ್ದನ್ನು ನಾನು ಹೇಳುತ್ತೇನೆ. ರಿವಾಲ್ವರ್‌ನ ಸಿಲಿಂಡರ್ ಮತ್ತು ನಳಿಗೆಯ ನಡುವೆ ಕೂದಲೆಳೆ ಸಂದು ಇರುತ್ತದೆ. ಹೊಡೆದಾಗ ಅಲ್ಲಿಂದ ಬಿಸಿ ಗಾಳಿ, ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತದೆ. ಎಡಗೈ ಬೆರಳು ಅದರ ಹತ್ತಿರ ಹೋಗಬಾರದು, ಕನ್ನಡಕ ಇಲ್ಲದೆ ಹೊಡೆಯಬಾರದು. .22ರಲ್ಲಿ ಆಗಾಗ ಗುಂಡು ಹಾರುವುದೇ ಇಲ್ಲ. ಆಗ ನಳಿಗೆಯನ್ನು ತಿರುಗಿಸಿ ನೋಡಬೇಡ. ಗುರಿಯ ಕಡೆಯೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆಗೆ. ಸದ್ದು ಪುಸ್ ಅಂತ ಬಂದರೆ ಅಲ್ಲಿಗೇ ನಿಲ್ಲಿಸು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳಬಹುದು.

ಯಾರದ್ದಾದರೂ ಜಮೀನಿನಲ್ಲಿ ಹೊಡೆಯಲು ಕರೆದರೆ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇದೆಯಾ ನೋಡು. .22 ಚಿಕ್ಕದು ಅಂತ ಸಸಾರ ಮಾಡಬೇಡ, ಒಂದು ಮೈಲಿಗಿಂತ ದೂರ ಹೋಗುತ್ತದೆ. ನಮ್ಮ ಬಳ್ಳಾರಿ ಗುಡ್ಡದಂಥ ಬಂಡೆ ಎದುರಿಗಿದ್ದರೆ ಹೊಡೆಯಲೇಬೇಡ. ಕಲ್ಲಿಗೂ ನೀರಿಗೂ ತಾಗಿದರೆ ಈ ಗುಂಡು ಸಿಡಿದು ಎಲ್ಲಿಗೆ ಬರುತ್ತದೋ ಹೇಳಲಾಗದು. ಮುಗಿದ ಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ಕೈ ಮುಖ ತೊಳೆ, ಮನೆಗೆ ಹೋಗಿ ಬಟ್ಟೆ ಬದಲಿಸು. ಸೀಸದ ಪುಡಿ ಮೈಗೆ ಒಳ್ಳೆಯದಲ್ಲ, ಮಕ್ಕಳಿಗಂತೂ ವಿಷ. ಕೈ ತೊಳೆಯದೆ ಚಿಪ್ಸ್ ಪ್ಯಾಕೆಟ್‌ಗೆ ಕೈ ಹಾಕುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ನೀನು ರೂಮ್‌ಮೇಟ್‌ಗಳ ಜೊತೆ ಇದ್ದೀಯ ಅಂದುಕೊಂಡಿದ್ದೇನೆ. ಅವರಲ್ಲಿ ಓದುವ ವೀಸಾದವರು ಇದ್ದರೆ ಮೇಲೆ ಹೇಳಿದ ಕಾನೂನು ಅವರಿಗೂ ಅನ್ವಯ. ಅವರ ಕೈಗೆ ಎಟುಕುವಂತೆ ಇಟ್ಟರೆ ಅವರ ಬದುಕಿಗೂ ಕುತ್ತು. ಬೀಗದ ಪೆಟ್ಟಿಗೆ ತಗೋ, ಕೀಲಿ ನಿನ್ನ ಹತ್ತಿರ ಮಾತ್ರ ಇರಲಿ, ಗುಂಡು ಬೇರೆ ಕಡೆ ಇಡು. ನಾಳೆ ಮದುವೆಯಾಗಿ ಮಕ್ಕಳಾದ ಮೇಲೂ ಇದು ಬದಲಾಗಬಾರದು. 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಗನ್ ಸಿಗುವಂತೆ ಬಿಡುವುದು ಟೆಕ್ಸಾಸ್‌ನಲ್ಲಿ ಅಪರಾಧ. ಕಾನೂನು ಇರದಿದ್ದರೂ ಅದು ಅಪರಾಧವೇ.

ಇನ್ನೊಂದು, ಊರಿಗೆ ಹೋಗುವಾಗಿನದು. ರೇಂಜಿಗೆ ಒಯ್ಯುವ ಬ್ಯಾಗನ್ನು ಯಾವತ್ತೂ ಪ್ರಯಾಣಕ್ಕೆ ಬಳಸಬೇಡ. ಹೈದರಾಬಾದ್‌ನಲ್ಲೋ ಬೆಂಗಳೂರಿನಲ್ಲೋ ನಿನ್ನ ಬ್ಯಾಗಿನ ಮೂಲೆಯಲ್ಲಿ ಒಂದೇ ಒಂದು ಗುಂಡು ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗಬಹುದು. ಮರೆತಿದ್ದೆ ಅಂತ ಕೋರ್ಟಿಗೆ ಹೇಳುವಷ್ಟರಲ್ಲಿ ರಜೆಯೆಲ್ಲ ಅಲೆದಾಟದಲ್ಲೇ ಮುಗಿಯುತ್ತದೆ. ಜಾಕೆಟ್ ಜೇಬು, ಪ್ಯಾಂಟಿನ ಮಡಿಕೆ ಎಲ್ಲಾ ಕೊಡವಿ ನೋಡು.

ವಕೀಲರು ಸರಿ ಅಂದು, ತರಬೇತಿ ಮುಗಿದು, ಲೈಸೆನ್ಸ್ ಕೈಗೆ ಬಂದ ಮೇಲೆ ನನಗೆ ತಿಳಿಸು. ಕೊಳ್ಳುವ ಮುಂಚೆ ನನ್ನ ರ‍್ಯಾಂಗ್ಲರ್, ಸಿಂಗಲ್ ಸಿಕ್ಸ್ ಎರಡನ್ನೂ ಹಿಡಿದು ನೋಡುವೆಯಂತೆ. ಲೈಸೆನ್ಸ್ ಕಾಗದ, ಪಾಸ್‌ಪೋರ್ಟ್ ತಪ್ಪದೆ ತಗೊಂಡು ಬಾ. ಕಿವಿಗೆ ಹಾಕುವುದು, ಕನ್ನಡಕ ನನ್ನ ಹತ್ತಿರ ಹೆಚ್ಚಿಗೆ ಇವೆ.